ಹಾಡಿಗೆ 'ಎಕೋ' ಹಾಕುವ ಮುನ್ನ: ಬಾದಾಮಿಯ ಬಂಡೆ, ಇಳಕಲ್ಲಿನ ಮಗ್ಗ ಮತ್ತು ನಿಮ್ಮ ಮೊಬೈಲ್

"ಇಯರ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿ. ಇದು 8ಡಿ ತಂತ್ರಜ್ಞಾನದ ಹಾಡು. ಇದನ್ನು ಕೇಳುವುದು ಕಿವಿಯಲ್ಲ, ಮೆದುಳು!"

ಈ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಲಾಕ್‌ಡೌನ್ ದಿನಗಳಲ್ಲಿ ಇದು ಗ್ರೂಪಿನಿಂದ ಗ್ರೂಪಿಗೆ ಬಹಳ ಓಡಾಡಿತು, ಈಗಲೂ ಆಗಾಗ ತಲೆ ಎತ್ತುತ್ತದೆ. ಇದರ ಜೊತೆಗೆ ಇನ್ನೆರಡು ಬಗೆಯ ಆಡಿಯೊಗಳನ್ನೂ ನಾವೆಲ್ಲ ಕೇಳಿರುತ್ತೇವೆ. ಒಂದು, ಯಾವುದೋ ಗುಹೆಯಲ್ಲಿ ಅಥವಾ ಪಾಳು ಗುಡಿಯಲ್ಲಿ ರಾತ್ರಿ ಕೇಳಿಸಿತು ಎನ್ನುವ ಗುಂಯ್‌ಗುಡುವ ದನಿ. ಇನ್ನೊಂದು, ಮನೆಯ ಅಜ್ಜಿಯೋ ಊರಿನ ಭಜನಾ ಮಂಡಳಿಯೋ ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು, ಆ್ಯಪ್‌ನಲ್ಲಿ 'ಎಕೋ' ಹಾಕಿ ಹಂಚಿದ ಹಾಡು.

ಮೇಲ್ನೋಟಕ್ಕೆ ಮೂರೂ ಬೇರೆ ಬೇರೆ. ಆದರೆ ಮೂರರ ಹಿಂದೆ ಇರುವುದು ಎರಡೇ ಉಪಾಯಗಳು. ದನಿಯ ನಕಲನ್ನು ತುಸು ತಡವಾಗಿ ಮತ್ತೆ ಕೇಳಿಸುವುದು ಒಂದು. ಇದಕ್ಕೆ 'ಡಿಲೇ' ಎನ್ನುತ್ತಾರೆ. ದನಿಯ ಯಾವುದಾದರೂ ಒಂದು ಗುಣವನ್ನು ನಿಧಾನವಾಗಿ ಏರಿಳಿಸುತ್ತಿರುವುದು ಇನ್ನೊಂದು. ಇದು 'ಮಾಡ್ಯುಲೇಷನ್'. ಇವು ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿದರೆ ಯಾವ ಫಾರ್ವರ್ಡ್ ನಂಬಬೇಕು, ಯಾವುದನ್ನು ನಂಬಬಾರದು ಎಂಬುದು ಸ್ಪಷ್ಟವಾಗುತ್ತದೆ. ಮನೆಯ ಹಿರಿಯರ ಹಾಡನ್ನು ಕೆಡಿಸದೆ ಉಳಿಸಿಕೊಳ್ಳುವುದು ಹೇಗೆ ಎಂಬುದೂ ತಿಳಿಯುತ್ತದೆ.

ಬಾದಾಮಿಯ ಕೆರೆ ದಂಡೆಯಲ್ಲಿ ನಿಂತು ಕೂಗಿದರೆ

ಮೊದಲು ನಿಜವಾದ ಮಾರ್ದನಿಯಿಂದ ಶುರು ಮಾಡೋಣ. ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ಸುತ್ತ ಕೆಂಪು ಮರಳುಗಲ್ಲಿನ ಕಡಿದಾದ ಬಂಡೆಗಳಿವೆ. ಇಂಥ ಬಂಡೆಗೆ ಎದುರಾಗಿ ನಿಂತು "ಹೋ" ಎಂದರೆ, ಸ್ವಲ್ಪ ಹೊತ್ತಿನ ಮೇಲೆ ಬಂಡೆಯೂ "ಹೋ" ಎನ್ನುತ್ತದೆ.

ಇದರಲ್ಲಿ ಪವಾಡವಿಲ್ಲ, ಇರುವುದು ಲೆಕ್ಕ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಬಂಡೆ ನಿಮ್ಮಿಂದ 85 ಮೀಟರ್ ದೂರದಲ್ಲಿದ್ದರೆ, ಹೋಗಿ ಬರಲು 170 ಮೀಟರ್. ಅಂದರೆ ಸರಿಸುಮಾರು ಅರ್ಧ ಸೆಕೆಂಡ್. ಸಂಗೀತ ಸಾಫ್ಟ್‌ವೇರಿನ ಭಾಷೆಯಲ್ಲಿ ಹೇಳುವುದಾದರೆ ಅದು 500 ಮಿಲಿಸೆಕೆಂಡಿನ ಡಿಲೇ.

ಬಂಡೆ ಹತ್ತಿರವಿದ್ದರೆ? 17 ಮೀಟರ್ ದೂರಕ್ಕೆ ಮಾರ್ದನಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ವಾಪಸ್ ಬರುತ್ತದೆ. ಶಾಲೆಯ ಪುಸ್ತಕದಲ್ಲಿ ಮಾರ್ದನಿ ಬೇರೆಯಾಗಿ ಕೇಳಿಸಲು ಬೇಕಾದ ಕನಿಷ್ಠ ದೂರ ಎಂದು ಓದಿದ್ದು ಇದನ್ನೇ. ಅದಕ್ಕಿಂತ ಬೇಗ ಬಂದ ನಕಲುಗಳನ್ನು ಮೆದುಳು ಬೇರೆ ದನಿ ಎಂದು ಎಣಿಸದೆ, ಮೂಲ ದನಿಯ ಜೊತೆಗೇ ಬೆರೆಸಿಬಿಡುತ್ತದೆ. ಹಾಗೆ ನೂರಾರು ನಕಲುಗಳು ಬೆರೆತಾಗ ಕೇಳುವ ಗುಂಯ್‌ಗುಡುವಿಕೆಯೇ ಅನುರಣನ. ಆ್ಯಪ್‌ಗಳಲ್ಲಿ ಇದಕ್ಕೆ 'ರಿವರ್ಬ್' ಎಂಬ ಹೆಸರಿದೆ. ಸಾಮಾನು ತುಂಬುವ ಮೊದಲು ಹೊಸ ಮನೆಯ ಖಾಲಿ ಕೋಣೆಯಲ್ಲಿ ಮಾತಾಡಿದರೆ ಕೇಳುತ್ತದಲ್ಲ, ಅದು ರಿವರ್ಬ್.

ಇಲ್ಲೇ ಒಂದು ಸಂಗತಿಯನ್ನು ಗಮನಿಸಬೇಕು. ಬಾದಾಮಿಯ ಮೂರನೇ ಗುಹೆ, ಕ್ರಿ.ಶ. 578ರ ಶಾಸನವಿರುವ ಆ ಗುಹೆ, ನಾಲ್ಕರಲ್ಲಿ ಎಲ್ಲಕ್ಕಿಂತ ದೊಡ್ಡದು. ಆದರೂ ಒಳಗೆ ಗೋಡೆ, ಕಂಬ, ಚಾವಣಿ ಎಲ್ಲವೂ ಹತ್ತಿರ ಹತ್ತಿರವೇ ಇವೆ. ಇಂಥ ಜಾಗದಲ್ಲಿ ಕೇಳುವುದು ಬೆರೆತ ಗುಂಯ್‌ಗುಡುವಿಕೆ. "ಯಾರು... ಯಾರು... ಯಾರು..." ಎಂದು ಬಿಡಿಬಿಡಿಯಾಗಿ, ಅರ್ಧರ್ಧ ಸೆಕೆಂಡಿಗೊಮ್ಮೆ ಮರಳುವ ದನಿ ಹುಟ್ಟುವುದು ಹೊರಗೆ, ದೂರದ ಬಂಡೆಯ ಎದುರು. ಸಿನಿಮಾದವರು ಗುಹೆಯ ದೃಶ್ಯಕ್ಕೆ ಬಿಡಿಬಿಡಿ ಎಕೋ ಹಾಕಿ ಹಾಕಿ, ಗುಹೆ ಎಂದರೆ ಹಾಗೇ ಕೇಳಬೇಕು ಎಂದು ನಮ್ಮ ಕಿವಿಗೆ ಅಭ್ಯಾಸ ಮಾಡಿಸಿಬಿಟ್ಟಿದ್ದಾರೆ.

ಗೋಲಗುಮ್ಮಟದ 'ಏಳು ಸಲ'

ಒಂದು ಕೂಗಿಗೆ ಒಂದು ಮಾರ್ದನಿ ಸರಿ. ಒಂದು ಕೂಗಿಗೆ ಏಳು ಮಾರ್ದನಿ ಹೇಗೆ? ಇದಕ್ಕೆ ವಿಜಯಪುರಕ್ಕೆ ಹೋಗಬೇಕು. 1997ರವರೆಗೆ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ಬಿಜಾಪುರ ಜಿಲ್ಲೆಯಲ್ಲೇ ಇದ್ದವು. ಶಾಲಾ ಪ್ರವಾಸದಲ್ಲಿ ಗೋಲಗುಮ್ಮಟದ ಮೇಲೆ ಹತ್ತಿ ಚಪ್ಪಾಳೆ ತಟ್ಟಿದ ನೆನಪು ಈ ಕಡೆಯ ಬಹಳ ಜನಕ್ಕೆ ಇರುತ್ತದೆ.

ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದು ಬದಿಯ ಸದ್ದು ಎದುರು ಗೋಡೆಗೆ ಹೋಗಿ ಮರಳಿದರೆ 76 ಮೀಟರ್, ಅಂದರೆ ಸುಮಾರು 0.22 ಸೆಕೆಂಡ್. ಗೋಡೆಯ ಗುಂಟ ಸುತ್ತಿ ಬಂದರೆ ಸುಮಾರು 119 ಮೀಟರ್, ಅಂದರೆ 0.35 ಸೆಕೆಂಡ್. ಗುಮ್ಮಟದ ಗೋಡೆ ನುಣುಪು ಮತ್ತು ಗಟ್ಟಿ. ಅದು ಸದ್ದನ್ನು ಹೀರುವುದಕ್ಕಿಂತ ಹೆಚ್ಚಾಗಿ ವಾಪಸ್ ಕಳಿಸುತ್ತದೆ. ಮರಳಿದ ಸದ್ದು ಮತ್ತೆ ಹೋಗುತ್ತದೆ, ಮತ್ತೆ ಮರಳುತ್ತದೆ. ಪ್ರತಿ ಸುತ್ತಿಗೂ ಸ್ವಲ್ಪ ಶಕ್ತಿ ಕಳೆದುಕೊಂಡು ಕೊನೆಗೆ ಕೇಳಿಸದಂತಾಗುತ್ತದೆ. ಗೈಡುಗಳು ಹೇಳುವ 'ಏಳು ಸಲ' ಎಂಬುದು ಕಟ್ಟಡ ಎಣಿಸಿಕೊಡುವ ಸಂಖ್ಯೆಯಲ್ಲ. ನಿಮ್ಮ ಕೂಗು ಎಷ್ಟು ಜೋರು, ಸುತ್ತ ಗದ್ದಲ ಎಷ್ಟು ಎಂಬುದರ ಮೇಲೆ ಲೆಕ್ಕ ಹೆಚ್ಚು ಕಡಿಮೆ ಆಗುತ್ತದೆ. ಗೋಡೆಯ ಗುಂಟ ಪಿಸುಮಾತು ಹರಿಯುವ ಇಂಥ ಗುಮ್ಮಟಗಳ ಬಗ್ಗೆ ಸರ್ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲೇ ಅಧ್ಯಯನ ಮಾಡಿದ್ದರು. ಅವರು ನೋಡಿದ ಕಟ್ಟಡಗಳಲ್ಲಿ ಗೋಲಗುಮ್ಮಟವೂ ಒಂದು.

ಈಗ ಇದನ್ನೇ ಮೊಬೈಲಿನೊಳಗೆ ಹುಡುಕೋಣ.

ಆ್ಯಪ್ ಒಳಗೆ ಗುಮ್ಮಟವಿಲ್ಲ, ಅಂಕಿಗಳಿವೆ

ಡಿಜಿಟಲ್ ಆಡಿಯೊ ಎಂದರೆ ಅಂಕಿಗಳ ಉದ್ದನೆಯ ಸಾಲು. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಪ್ರತಿ ಸೆಕೆಂಡಿಗೆ 44,100 ಅಂಕಿಗಳಿರುತ್ತವೆ. ಅರ್ಧ ಸೆಕೆಂಡಿನ ಎಕೋ ಬೇಕೆಂದರೆ ಸಾಫ್ಟ್‌ವೇರ್ ಮಾಡುವುದು ಇಷ್ಟೇ: 22,050 ಅಂಕಿಗಳ ಹಿಂದೆ ಏನಿತ್ತೋ ಅದನ್ನು ಸ್ವಲ್ಪ ಸಣ್ಣದು ಮಾಡಿ, ಈಗಿನ ಅಂಕಿಗೆ ಕೂಡಿಸುವುದು. ಕೂಡಿಸುವ ಈ ಲೆಕ್ಕವೇ ಎಕೋ.

ಬ್ಯಾಂಡ್‌ಲ್ಯಾಬ್, ಎಫ್‌ಎಲ್ ಸ್ಟುಡಿಯೊ, ಯಾವುದನ್ನೇ ತೆರೆದರೂ ಡಿಲೇಯಲ್ಲಿ ಮುಖ್ಯವಾಗಿ ಕಾಣುವುದು ಮೂರು ಗುಂಡಿಗಳು. ಹೆಸರು ತುಸು ಬೇರೆಯಿದ್ದರೂ ಕೆಲಸ ಒಂದೇ.

'ಟೈಮ್' ಎಂದರೆ ಬಂಡೆ ಎಷ್ಟು ದೂರ ಎಂಬ ಲೆಕ್ಕ. ಸಂಖ್ಯೆ ಹೆಚ್ಚಿಸಿದರೆ ಬಂಡೆ ದೂರ ಸರಿದಂತೆ.

'ಫೀಡ್‌ಬ್ಯಾಕ್' ಎಂದರೆ ಗುಮ್ಮಟದ ಗೋಡೆ ಎಷ್ಟು ಸದ್ದನ್ನು ಮತ್ತೆ ಕಳಿಸುತ್ತದೆ ಎಂಬ ಲೆಕ್ಕ. 50 ಶೇಕಡಾ ಇಟ್ಟರೆ ಪ್ರತಿ ಮರುದನಿಯೂ ಹಿಂದಿನದರ ಅರ್ಧ. ಅರ್ಧ, ಕಾಲು, ಅರೆಕಾಲು ಎಂದು ಇಳಿದು ಐದನೆಯ ಹೊತ್ತಿಗೆ ಮೂಲದ 3 ಶೇಕಡಾ ಮಾತ್ರ ಉಳಿಯುತ್ತದೆ. ಇದನ್ನು 100 ಶೇಕಡಾ ದಾಟಿಸಿದರೆ ಸದ್ದು ಇಳಿಯುವ ಬದಲು ಏರುತ್ತಾ ಹೋಗಿ ಕಿವಿ ಕಿತ್ತುಹೋಗುವಂತೆ ಅರಚುತ್ತದೆ. ಇಯರ್‌ಫೋನ್ ಹಾಕಿಕೊಂಡು ಈ ಗುಂಡಿಯ ಜೊತೆ ಆಟವಾಡಬೇಡಿ.

'ಮಿಕ್ಸ್' ಎಂದರೆ ಮೂಲ ದನಿ ಎಷ್ಟು, ಮರುದನಿ ಎಷ್ಟು ಎಂಬ ಪ್ರಮಾಣ. ಎಕೋ ಇಲ್ಲದ ಮೂಲ ದನಿಗೆ ರೆಕಾರ್ಡಿಂಗ್‌ನವರು 'ಡ್ರೈ' ಎನ್ನುತ್ತಾರೆ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪ್ಯೂಟರ್ ಬರುವ ಮೊದಲು ಇದೇ ಕೆಲಸವನ್ನು ಟೇಪ್ ಮಾಡುತ್ತಿತ್ತು. ಟೇಪಿನ ಮೇಲೆ ಒಂದು ಹೆಡ್ ದನಿಯನ್ನು ಬರೆಯುತ್ತದೆ, ಐದು ಸೆಂಟಿಮೀಟರ್ ಮುಂದಿರುವ ಇನ್ನೊಂದು ಹೆಡ್ ಅದನ್ನು ಓದುತ್ತದೆ. ಟೇಪ್ ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿದ್ದರೆ ಓದುವ ಹೊತ್ತಿಗೆ ಸುಮಾರು 130 ಮಿಲಿಸೆಕೆಂಡ್ ತಡವಾಗಿರುತ್ತದೆ. 1974ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ತಂದ 'ಸ್ಪೇಸ್ ಎಕೋ' ಯಂತ್ರದೊಳಗೆ ಓಡುತ್ತಿದ್ದದ್ದು ಇಂಥ ಟೇಪೇ. ಇಂದಿನ ಆ್ಯಪ್‌ಗಳಲ್ಲಿ 'ಟೇಪ್ ಎಕೋ' ಎಂಬ ಆಯ್ಕೆ ಕಂಡರೆ, ಅದು ಆ ಹಳೆಯ ಯಂತ್ರಗಳ ಅನುಕರಣೆ.

ಹಾಡಿನ ಲಯಕ್ಕೂ ಎಕೋಗೂ ಲೆಕ್ಕ ಕೂಡಬೇಕು

ಎಕೋ ಹಾಕಿದ ಹಾಡು ಒಮ್ಮೊಮ್ಮೆ ಚೆನ್ನಾಗಿ ಕೂರುತ್ತದೆ, ಒಮ್ಮೊಮ್ಮೆ ಎಲ್ಲವೂ ಕಲಸಿಹೋಗುತ್ತದೆ. ಇದಕ್ಕೆ ಮುಖ್ಯ ಕಾರಣ ಲಯ. ಒಂದು ನಿಮಿಷಕ್ಕೆ 60,000 ಮಿಲಿಸೆಕೆಂಡ್. ಹಾಡಿನಲ್ಲಿ ನಿಮಿಷಕ್ಕೆ 100 ಪೆಟ್ಟುಗಳಿದ್ದರೆ ಒಂದು ಪೆಟ್ಟಿಗೆ 600 ಮಿಲಿಸೆಕೆಂಡ್. ಹಾಗಾಗಿ 600 ಅಥವಾ ಅದರ ಅರ್ಧ 300, ಇಲ್ಲವೇ ಮುಕ್ಕಾಲು 450 ಇಟ್ಟರೆ ಮರುದನಿ ತಾಳದ ಒಳಗೇ ಬೀಳುತ್ತದೆ. ಕಣ್ಣುಮುಚ್ಚಿ 370 ಇಟ್ಟರೆ ಹಲಗೆಯದು ಒಂದು ತಾಳ, ಎಕೋದು ಇನ್ನೊಂದು ತಾಳ. ಬಹಳ ಆ್ಯಪ್‌ಗಳಲ್ಲಿ ಇರುವ 'ಸಿಂಕ್' ಗುಂಡಿ ಈ ಲೆಕ್ಕವನ್ನು ತಾನೇ ಮಾಡಿಕೊಡುತ್ತದೆ.

ಆದರೆ ತಾಳ ಕೂಡಿದರೆ ಸಾಲದು, ಮಾತೂ ಕೇಳಬೇಕು. ನಮ್ಮ ಕಡೆಯ ಜಾನಪದ ಹಾಡುಗಳಲ್ಲಿ ರಾಗಕ್ಕಿಂತ ಮಾತಿನ ಸಂಪತ್ತು ದೊಡ್ಡದು. ಕಥೆ ಹೇಳುವ, ಸವಾಲು-ಜವಾಬು ಹಾಕುವ ಹಾಡಿನಲ್ಲಿ ಸೆಕೆಂಡಿಗೆ ಐದಾರು ಅಕ್ಷರಗಳು ಓಡುತ್ತವೆ. ಅಂದರೆ ಒಂದು ಅಕ್ಷರಕ್ಕೆ ಇನ್ನೂರು ಮಿಲಿಸೆಕೆಂಡೂ ಇಲ್ಲ. 300 ಮಿಲಿಸೆಕೆಂಡಿನ ಎಕೋ ಜೋರಾಗಿದ್ದರೆ ಒಂದು ಅಕ್ಷರದ ಬಾಲ ಅದರಾಚೆಯ ಅಕ್ಷರದ ತಲೆಯ ಮೇಲೆ ಬೀಳುತ್ತದೆ. 'ಸ', 'ಶ', 'ಚ' ಇರುವ ಕಡೆ ಚಿಸ್ ಚಿಸ್ ಎಂಬ ಸದ್ದಷ್ಟೇ ಉಳಿಯುತ್ತದೆ. ಹಾಡು ಭರ್ಜರಿಯಾಗಿ ಕೇಳಿದರೂ ಅದರಲ್ಲಿ ಏನು ಹೇಳಿದರು ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಜಾತ್ರೆಯಲ್ಲಿ ಮಾತು ಎರಡೆರಡು ಸಲ ಕೇಳುವುದೇಕೆ?

ಡಿಲೇ ಮಾತನ್ನು ಕೆಡಿಸುತ್ತದೆ ಎಂದೆವು. ಆದರೆ ಮಾತನ್ನು ಸ್ಪಷ್ಟ ಮಾಡುವುದಕ್ಕೂ ಅದೇ ಡಿಲೇ ಬೇಕಾಗುತ್ತದೆ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು: ಬನದ ಹುಣ್ಣಿಮೆಯಿಂದ ವಾರಗಟ್ಟಲೆ ನಾಟಕ ಕಂಪನಿಗಳು ಅಲ್ಲಿ ಠಿಕಾಣಿ ಹೂಡಿರುತ್ತವೆ. ಇಂಥ ದೊಡ್ಡ ಜಾತ್ರೆಗಳಲ್ಲಿ ಕಂಬಕ್ಕೊಂದರಂತೆ ಕಟ್ಟಿದ ಹಾರ್ನ್‌ಗಳಿಂದ ಒಂದೇ ಮಾತು ಎರಡು ಮೂರು ಸಲ ಕೇಳುತ್ತದೆ. ಯಾರೂ ಎಕೋ ಹಾಕದಿದ್ದರೂ ಹೀಗಾಗುತ್ತದೆ. ತಂತಿಯಲ್ಲಿ ವಿದ್ಯುತ್ ಕ್ಷಣಾರ್ಧದಲ್ಲಿ ಎಲ್ಲ ಹಾರ್ನ್‌ಗಳನ್ನೂ ತಲುಪುತ್ತದೆ, ಆದರೆ ಹಾರ್ನ್‌ನಿಂದ ನಿಮ್ಮ ಕಿವಿಗೆ ಶಬ್ದ ಗಾಳಿಯಲ್ಲಿ ನಡೆದೇ ಬರಬೇಕು. ಹತ್ತಿರದ ಹಾರ್ನ್‌ನ ಮಾತು ಮೊದಲು ಮುಟ್ಟುತ್ತದೆ. ಅದಕ್ಕಿಂತ 100 ಮೀಟರ್ ಆಚೆಯ ಹಾರ್ನ್‌ನದು ಸುಮಾರು 0.3 ಸೆಕೆಂಡ್ ತಡವಾಗಿ ಮುಟ್ಟುತ್ತದೆ.

ದೊಡ್ಡ ಸಭೆಗಳಲ್ಲಿ ತಿಳಿದ ಸೌಂಡ್ ಇಂಜಿನಿಯರುಗಳು ಏನು ಮಾಡುತ್ತಾರೆಂದರೆ, ವೇದಿಕೆಯಿಂದ ದೂರವಿರುವ ಸ್ಪೀಕರುಗಳಿಗೆ ಬೇಕೆಂದೇ ಡಿಲೇ ಹಾಕುತ್ತಾರೆ. ವೇದಿಕೆಯಿಂದ 34 ಮೀಟರ್ ದೂರದ ಸ್ಪೀಕರಿಗೆ ಸುಮಾರು 100 ಮಿಲಿಸೆಕೆಂಡ್, ಅದರ ಮೇಲೆ ಹತ್ತು ಹದಿನೈದು. ಆಗ ವೇದಿಕೆಯ ದನಿಯೂ ಹತ್ತಿರದ ಸ್ಪೀಕರಿನ ದನಿಯೂ ಒಟ್ಟಿಗೇ ಕಿವಿಗೆ ಬರುತ್ತವೆ. ಸ್ವಲ್ಪ ಮೊದಲು ಬಂದ ದನಿಯ ದಿಕ್ಕಿನಿಂದಲೇ ಮಾತು ಬರುತ್ತಿದೆ ಎಂದು ಮೆದುಳು ಭಾವಿಸುವುದರಿಂದ, ಸ್ಪೀಕರ್ ಪಕ್ಕದಲ್ಲಿದ್ದರೂ ಭಾಷಣಕಾರರು ವೇದಿಕೆಯಲ್ಲೇ ಮಾತಾಡಿದಂತೆ ಅನ್ನಿಸುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ವಿವರವಾಗಿ ಅಳೆದು ತೋರಿಸಿದರು. ಅವರ ಹೆಸರಿನಲ್ಲೇ ಇದಕ್ಕೆ 'ಹಾಸ್ ಪರಿಣಾಮ' ಎನ್ನುತ್ತಾರೆ.

ಇಳಕಲ್ಲಿನ ಎರಡು ಮಗ್ಗ, ಹುನಗುಂದದ ಒಂದು ಭಜನೆ

ಇನ್ನು ಮಾಡ್ಯುಲೇಷನ್. ಕೋರಸ್, ಫ್ಲ್ಯಾಂಜರ್, ಫೇಸರ್, ವೈಬ್ರಾಟೊ, ಟ್ರೆಮೊಲೊ, ಈ ಹೆಸರುಗಳು ಹೊಸದಾಗಿ ಆ್ಯಪ್ ತೆರೆದವರನ್ನು ಗಾಬರಿಗೊಳಿಸುತ್ತವೆ. ಆದರೆ ಇವುಗಳ ಹಿಂದಿನ ಸದ್ದುಗಳು ನಮಗೆ ಹೊಸವಲ್ಲ.

ಹುನಗುಂದ ಸೀಮೆಯ ಯಾವುದೇ ಹಳ್ಳಿಯಲ್ಲಿ ಹತ್ತು ಜನ ಸೇರಿ ಭಜನೆ ಹಾಡುವುದನ್ನು ಕೇಳಿ. ಎಲ್ಲರೂ ಒಂದೇ ಸಾಲು ಹಾಡಿದರೂ ಒಬ್ಬರು ಕೂದಲೆಳೆ ಮುಂದೆ, ಇನ್ನೊಬ್ಬರು ಕೂದಲೆಳೆ ಹಿಂದೆ. ಶ್ರುತಿಯೂ ಒಬ್ಬರಿಂದ ಒಬ್ಬರಿಗೆ ಎಳ್ಳಷ್ಟು ಬೇರೆ. ಈ ಸಣ್ಣ ವ್ಯತ್ಯಾಸಗಳಿಂದಲೇ 'ಬಹಳ ಜನ ಹಾಡುತ್ತಿದ್ದಾರೆ' ಎಂಬ ತುಂಬುದನಿ ಹುಟ್ಟುತ್ತದೆ. ಕೋರಸ್ ಎಫೆಕ್ಟ್ ಒಬ್ಬರ ದನಿಯ ನಕಲನ್ನು 15ರಿಂದ 35 ಮಿಲಿಸೆಕೆಂಡ್ ತಡಮಾಡಿ, ಆ ತಡವನ್ನೇ ನಿಧಾನವಾಗಿ ಹೆಚ್ಚು ಕಡಿಮೆ ಮಾಡುತ್ತಾ ಇಂಥದ್ದೇ ತುಂಬುದನಿ ತರಲು ನೋಡುತ್ತದೆ. 1966ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದ ಇಂಜಿನಿಯರ್ ಕೆನ್ ಟೌನ್‌ಸೆಂಡ್, ಒಂದೇ ಸಾಲನ್ನು ಎರಡೆರಡು ಸಲ ಹಾಡಿ ಬೇಸತ್ತಿದ್ದ ಬೀಟಲ್ಸ್ ತಂಡಕ್ಕಾಗಿ ಟೇಪ್ ಯಂತ್ರಗಳಿಂದ ದನಿಯನ್ನು ಜೋಡಿ ಮಾಡುವ ಉಪಾಯ ಕಂಡುಹಿಡಿದರು. ಅದೂ ಇದೇ ಬಳಗದ್ದು.

ತಡವನ್ನು ಹೆಚ್ಚು ಕಡಿಮೆ ಮಾಡಿದರೆ ಶ್ರುತಿ ಏಕೆ ಬದಲಾಗಬೇಕು? ರಸ್ತೆಯಲ್ಲಿ ಸೌಂಡ್ ಬಾಕ್ಸ್ ಕಟ್ಟಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರನ್ನು ನೆನೆಯಿರಿ. ಅದು ಎದುರು ಬರುವಾಗ ಹಾಡು ತುಸು ಎತ್ತರದ ಶ್ರುತಿಯಲ್ಲಿರುತ್ತದೆ, ನಿಮ್ಮನ್ನು ದಾಟಿದ ಕೂಡಲೇ ತಗ್ಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಈ ಇಳಿತ ಹಾರ್ಮೋನಿಯಂನಲ್ಲಿ ಪಕ್ಕದ ಸ್ವರಕ್ಕೆ ಜಾರುವುದಕ್ಕಿಂತ ಸ್ವಲ್ಪ ಕಡಿಮೆ. ದೂರ ಹೆಚ್ಚುತ್ತಿದೆ ಎಂದರೆ ತಡ ಹೆಚ್ಚುತ್ತಿದೆ, ತಡ ಹೆಚ್ಚುತ್ತಿದ್ದರೆ ದನಿ ಎಳೆದಂತಾಗಿ ಶ್ರುತಿ ತಗ್ಗುತ್ತದೆ. ಸಾಫ್ಟ್‌ವೇರಿನಲ್ಲಿ ಟ್ರ್ಯಾಕ್ಟರ್ ಸೆಕೆಂಡಿಗೆ ಹಲವು ಸಲ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಓಡಾಡಿದರೆ ಅದೇ ವೈಬ್ರಾಟೊ. ಎಷ್ಟು ಬೇಗ ಓಡಾಡಬೇಕು ಎಂಬುದು 'ರೇಟ್' ಗುಂಡಿ, ಎಷ್ಟು ದೂರ ಎಂಬುದು 'ಡೆಪ್ತ್' ಗುಂಡಿ. ಶ್ರುತಿಯ ಬದಲು ಬರೀ ಸದ್ದಿನ ಮಟ್ಟವನ್ನು ಏರಿಳಿಸಿದರೆ ಟ್ರೆಮೊಲೊ.

ಫ್ಲ್ಯಾಂಜರ್‌ಗೆ ಇಳಕಲ್ಲಿನ ಮಗ್ಗದ ಓಣಿಗೆ ಬನ್ನಿ. ಅಕ್ಕಪಕ್ಕದ ಎರಡು ಮಗ್ಗಗಳಲ್ಲಿ ಒಂದು ನಿಮಿಷಕ್ಕೆ 60 ಪೆಟ್ಟು, ಇನ್ನೊಂದು 61 ಪೆಟ್ಟು ಹಾಕುತ್ತಿದೆ ಎಂದುಕೊಳ್ಳಿ. ಒಂದು ಕ್ಷಣ ಎರಡೂ ಒಟ್ಟಿಗೆ ಬಡಿಯುತ್ತವೆ. ಆಮೇಲೆ ನಿಧಾನವಾಗಿ ಬೇರೆಯಾಗುತ್ತಾ, ಒಂದರ ನಡುವೆ ಇನ್ನೊಂದು ಬೀಳುತ್ತಾ, ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಜೊತೆಗೂಡುತ್ತವೆ. ಶಬ್ದದ ಅಲೆಗಳ ಮಟ್ಟದಲ್ಲೂ ಹೀಗೇ ಆಗುತ್ತದೆ. ನಕಲು ಬರೀ 1 ಮಿಲಿಸೆಕೆಂಡ್ ತಡವಾಗಿದ್ದರೆ 500, 1,500, 2,500 ಹರ್ಟ್ಜ್‌ನ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಅವುಗಳ ನಡುವಿನವು ಒಂದನ್ನೊಂದು ಹೆಚ್ಚಿಸುತ್ತವೆ. ತಡ ಬದಲಾದಂತೆ ಅಳಿಯುವ ಜಾಗಗಳೂ ಸರಿಯುತ್ತವೆ. ವಿಮಾನ ತಲೆಯ ಮೇಲೆ ಹಾದುಹೋದಂಥ 'ಶ್ಶೂಂ' ಎಂಬ ಸದ್ದು ಹುಟ್ಟುವುದು ಹೀಗೆ. ಫೇಸರ್ ಇದರ ತಮ್ಮನಿದ್ದಂತೆ, ದಾರಿ ಬೇರೆಯಾದರೂ ಪರಿಣಾಮ ಹತ್ತಿರದ್ದೇ.

ಹಾಗಾದರೆ 8ಡಿ?

ಈಗ ಮೊದಲಿನ ಫಾರ್ವರ್ಡ್‌ಗೆ ಬರೋಣ. 8ಡಿ ಹಾಡಿನಲ್ಲಿ ದನಿ ತಲೆಯ ಸುತ್ತ ತಿರುಗಿದಂತೆ ಕೇಳುತ್ತದೆ. ನಿಮ್ಮ ಬಲಗಡೆಯ ಸದ್ದು ಬಲಗಿವಿಗೆ ಮೊದಲು, ಎಡಗಿವಿಗೆ ಸುಮಾರು 0.7 ಮಿಲಿಸೆಕೆಂಡಿನೊಳಗೆ ತಡವಾಗಿ, ಸ್ವಲ್ಪ ಮೆತ್ತಗೆ ಮುಟ್ಟುತ್ತದೆ. ಈ ವ್ಯತ್ಯಾಸ ನೋಡಿಯೇ ಮೆದುಳು ದಿಕ್ಕು ಹೇಳುತ್ತದೆ. 8ಡಿ ಹಾಡಿನಲ್ಲಿ ಸಾಫ್ಟ್‌ವೇರ್ ದನಿಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತೂಗಾಡಿಸಿ, ಮೇಲಿಂದ ಒಂದಿಷ್ಟು ರಿವರ್ಬ್ ಸುರಿಯುತ್ತದೆ. ಮಾಡ್ಯುಲೇಷನ್ ಮತ್ತು ಡಿಲೇ, ಇಷ್ಟೇ.

ಎಂಟು ಆಯಾಮಗಳು ಎಲ್ಲೂ ಇಲ್ಲ. ಹಾಡು ಕಿವಿಯಿಂದಲೇ ಒಳಗೆ ಹೋಗುತ್ತದೆ. ಮೆದುಳು ಕೇಳುತ್ತದೆ ಎಂಬುದು ಸುಳ್ಳಲ್ಲ, ಆದರೆ ಮೆದುಳು ಹಾಲು ಮಾರುವವರ ಸೈಕಲ್ ಗಂಟೆಯನ್ನೂ ಹಾಗೇ ಕೇಳುತ್ತದೆ. ಇಯರ್‌ಫೋನ್ ಬೇಕೇ ಬೇಕು ಎನ್ನುವುದಕ್ಕೂ ಕಾರಣ ಸರಳ: ಸ್ಪೀಕರಿನಲ್ಲಿ ಎಡದ ಸದ್ದು ಬಲಗಿವಿಗೂ, ಬಲದ್ದು ಎಡಗಿವಿಗೂ ಬೆರೆತು ಮಾಯೆ ಕರಗುತ್ತದೆ. ಕೇಳಲು ಹಿತವೆನಿಸಿದರೆ ಖಂಡಿತ ಕೇಳಿ. ಆದರೆ ಹಾಡಿನ ದನಿ ಎಡಬಲಕ್ಕೆ ತಿರುಗುವುದರಿಂದ ತಲೆನೋವು, ಬಿ.ಪಿ., ನಿದ್ರಾಹೀನತೆ ವಾಸಿಯಾಗುತ್ತದೆ ಎಂದು ಬರೆದಿದ್ದರೆ ಅದನ್ನು ನಂಬಿ ಮಾತ್ರೆ ಬಿಡಬೇಡಿ.

ಎಕೋ ಸಾಕ್ಷಿಯಲ್ಲ

ಎರಡನೆಯ ಬಗೆಯ ಫಾರ್ವರ್ಡ್: ಗುಹೆಯ ದನಿ, ಗುಡಿಯ ದನಿ, ಭೂಗತ ಸುರಂಗದ ದನಿ. ಇವುಗಳಲ್ಲಿ "ಕೇಳಿ, ಎಷ್ಟು ಎಕೋ ಇದೆ!" ಎಂಬುದೇ ಪುರಾವೆ.

ಮೇಲಿನ ಲೆಕ್ಕವೆಲ್ಲ ಓದಿದ ಮೇಲೆ ಇದು ಪುರಾವೆಯೇ ಅಲ್ಲ ಎಂದು ನಿಮಗೇ ಗೊತ್ತಾಗಿರುತ್ತದೆ. ಬಾಗಲಕೋಟೆಯ ನವನಗರದ ಮನೆಯೊಂದರಲ್ಲಿ ಮಂಚದ ಮೇಲೆ ಕೂತು ಮಾತಾಡಿದ ದನಿಗೆ ಹತ್ತು ಸೆಕೆಂಡಿನಲ್ಲಿ ಗುಹೆಯನ್ನು ಅಂಟಿಸಬಹುದು. ಇನ್ನೂ ಮುಂದೆ ಹೋಗಿ, ನಿಜವಾದ ಒಂದು ಗುಡಿಯಲ್ಲಿ ಬಲೂನು ಒಡೆದ ಸದ್ದನ್ನು ರೆಕಾರ್ಡ್ ಮಾಡಿಕೊಂಡು, ಆ ಗುಡಿಯ ಅನುರಣನವನ್ನೇ ಯಾರ ದನಿಗೆ ಬೇಕಾದರೂ ತೊಡಿಸುವ ಸಾಫ್ಟ್‌ವೇರುಗಳೂ ಇವೆ. ಸಂಗೀತಕ್ಕೆ ಅದು ಒಳ್ಳೆಯ ಸಾಧನ. ಆದರೆ ಅದರಿಂದಾಗಿ, ಬರೀ ಕೇಳಿ 'ಇದು ಅಲ್ಲೇ ರೆಕಾರ್ಡ್ ಆಗಿದ್ದು' ಎಂದು ಹೇಳುವಂತಿಲ್ಲ. ಫಾರ್ವರ್ಡ್ ಆಗುವಾಗ ಆಡಿಯೊ ಕುಗ್ಗಿ ಸಣ್ಣ ಸುಳಿವುಗಳೂ ಅಳಿದುಹೋಗಿರುತ್ತವೆ. ಕೇಳಬೇಕಾದ ಪ್ರಶ್ನೆಗಳು ಬೇರೆ: ಯಾರು ರೆಕಾರ್ಡ್ ಮಾಡಿದರು? ಯಾವಾಗ? ಮೂಲ ಫೈಲ್ ಯಾರ ಹತ್ತಿರ ಇದೆ? ಉತ್ತರವಿಲ್ಲದಿದ್ದರೆ ಆ ಆಡಿಯೊ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.

ಹಾಕುವುದು ಸುಲಭ, ತೆಗೆಯುವುದು ಕಷ್ಟ

ಮೂರನೆಯ ಬಗೆಯಲ್ಲಿ ಸುಳ್ಳಿಲ್ಲ, ಪ್ರೀತಿಯಿದೆ. ಆದರೆ ನಷ್ಟ ದೊಡ್ಡದಾಗುವುದು ಇಲ್ಲೇ.

ಬೀಸುಕಲ್ಲಿನ ಪದ, ಸೋಬಾನೆ ಪದ, ತೊಟ್ಟಿಲ ಪದ ಬಲ್ಲ ಹಿರಿಯರು ಪ್ರತಿ ಊರಿನಲ್ಲೂ ಕಮ್ಮಿಯಾಗುತ್ತಿದ್ದಾರೆ. ಮೊಮ್ಮಗಳೊಬ್ಬಳು ಅಜ್ಜಿಯ ಹಾಡನ್ನು ಮೊಬೈಲಿನಲ್ಲಿ ಹಿಡಿದಳು ಎಂದುಕೊಳ್ಳಿ. ಚೆಂದ ಕೇಳಲಿ ಎಂದು ಕರೋಕೆ ಆ್ಯಪ್‌ನಲ್ಲಿ ಎಕೋ ಇಟ್ಟೇ ರೆಕಾರ್ಡ್ ಮಾಡಿದಳು. ಅಜ್ಜಿ ಹೋದ ಮೇಲೆ ಹಾಡಿನ ಸಾಲುಗಳನ್ನು ಬರೆದುಕೊಳ್ಳೋಣವೆಂದರೆ ಮಾತೇ ತಿಳಿಯುವುದಿಲ್ಲ.

ಎಕೋ ತೆಗೆಯಲು ಆಗುವುದಿಲ್ಲವೇ? ರಿವರ್ಬ್ ಕಡಿಮೆ ಮಾಡುವ ಸಾಫ್ಟ್‌ವೇರುಗಳಿವೆ, ಕೃತಕ ಬುದ್ಧಿಮತ್ತೆ ಬಂದ ಮೇಲೆ ಅವು ಸುಧಾರಿಸಿಯೂ ಇವೆ. ಆದರೆ ಮೂಲ ಮತ್ತು ನಕಲು ಒಂದೇ ಅಂಕಿಯಾಗಿ ಕೂಡಿಹೋದ ಮೇಲೆ ಬೇರ್ಪಡಿಸುವುದು ಹಾಲಿಗೆ ಬೆರೆತ ನೀರನ್ನು ತೆಗೆದಂತೆ. ಸ್ವಲ್ಪ ನೀರಿನ ಜೊತೆ ಸ್ವಲ್ಪ ಹಾಲೂ ಹೋಗುತ್ತದೆ. ಸಾಫ್ಟ್‌ವೇರ್ ಅಂದಾಜಿನ ಮೇಲೆ ದನಿ ಕಟ್ಟಿಕೊಡುತ್ತದೆ, ಕಳೆದುಹೋದ ಅಕ್ಷರವನ್ನು ಅದು ತಿಳಿದು ಹೇಳುವುದಿಲ್ಲ.

ಡ್ರೈ ಫೈಲ್ ಉಳಿಸಿಕೊಂಡರೆ ಮಾತ್ರ ಇಂದು ಒಂದು ಎಕೋ, ನಾಳೆ ಇನ್ನೊಂದು, ಬೇಡವೆಂದರೆ ಏನೂ ಇಲ್ಲದೆ, ಹೇಗೆ ಬೇಕಾದರೂ ಕೇಳಬಹುದು. ಅದಕ್ಕೆ ನಾವು ಹೇಳುವುದು ಇಷ್ಟು:

• ರೆಕಾರ್ಡ್ ಮಾಡುವಾಗ ಎಕೋ, ರಿವರ್ಬ್ ಎಲ್ಲ ಬಂದ್ ಮಾಡಿ. ಮೊಬೈಲಿನ ಸಾದಾ ರೆಕಾರ್ಡರ್ ಸಾಕು. ಎಫೆಕ್ಟ್ ಹಾಕುವುದಿದ್ದರೆ ಆಮೇಲೆ, ನಕಲು ಪ್ರತಿಗೆ ಹಾಕಿ.

• ಮೂಲ ಫೈಲಿಗೆ ಹಾಡಿದವರ ಹೆಸರು, ಊರು, ತಾರೀಕು ಕೊಟ್ಟು ಬೇರೆ ಕಡೆ ಉಳಿಸಿ. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಅನ್ನು ಮೂಲ ಎಂದುಕೊಳ್ಳಬೇಡಿ, ಮೂಲವನ್ನು ಕಳಿಸಬೇಕಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಿ.

• ಕಾಂಕ್ರೀಟ್ ಕೋಣೆ ತಾನೇ ಗುಂಯ್‌ಗುಡುತ್ತಿದ್ದರೆ ಹಾಡುವವರ ಹಿಂದೆ, ಅಕ್ಕಪಕ್ಕ ಎರಡು ಮೂರು ದಪ್ಪ ಕೌದಿ ತೂಗುಹಾಕಿ. ಬಟ್ಟೆಯ ಪದರಗಳು ಸದ್ದನ್ನು ಹೀರುತ್ತವೆ. ಮೊಬೈಲನ್ನು ಬಾಯಿಂದ ಒಂದು ಗೇಣಿನಷ್ಟು ದೂರ, ತುಸು ಪಕ್ಕಕ್ಕೆ ಹಿಡಿಯಿರಿ.

• ಟ್ರ್ಯಾಕ್ ಕೇಳುತ್ತಾ ಹಾಡುವುದಿದ್ದರೆ ತಂತಿಯ ಇಯರ್‌ಫೋನ್ ಬಳಸಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ತನ್ನದೇ ದನಿ ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿದರೆ ಎಂಥವರೂ ತಡವರಿಸುತ್ತಾರೆ. ತಾಳ ತಪ್ಪುವುದು ಹಾಡುವವರ ದೋಷವಾಗಿರಲಿಕ್ಕಿಲ್ಲ.

• ಎಫೆಕ್ಟ್ ಹಾಕುವಾಗ ಮಿಕ್ಸ್ 15ರಿಂದ 20 ಶೇಕಡಾದಿಂದ ಶುರು ಮಾಡಿ. ಮಾತು ಮುಖ್ಯವಾದ ಹಾಡಿಗೆ ಸುಮಾರು 100 ಮಿಲಿಸೆಕೆಂಡಿನ ಒಂದೇ ಮರುದನಿ ಬಹಳ ಸಲ ಸಾಕಾಗುತ್ತದೆ. ಆಮೇಲೆ ಹಾಡು ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಸಾಲುಗಳನ್ನು ಹೇಳಲು ಹೇಳಿ. ಅವರು ತಡವರಿಸಿದರೆ ಎಕೋ ಹೆಚ್ಚಾಗಿದೆ.

ಕೊನೆಯದಾಗಿ ಕಿವಿಯ ಮಾತು. ಎಫೆಕ್ಟ್ ಎಷ್ಟೇ ಇರಲಿ, ಕಿವಿಗೆ ಹಾನಿ ಮಾಡುವುದು ಸದ್ದಿನ ಮಟ್ಟ ಮತ್ತು ಕೇಳುವ ಅವಧಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ಬರೀ 4 ಗಂಟೆ. ಡಿ.ಜೆ. ಮುಗಿಸಿ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದು ಯಾವ ಆ್ಯಪ್‌ನ ಎಕೋವೂ ಅಲ್ಲ, ಕಿವಿ ಕೊಡುವ ಎಚ್ಚರಿಕೆ.

ಬಾದಾಮಿಯ ಬಂಡೆ ನೀವು ಕೂಗಿದ್ದನ್ನಷ್ಟೇ ವಾಪಸ್ ಕೊಡುತ್ತದೆ, ತನ್ನದೇನನ್ನೂ ಸೇರಿಸುವುದಿಲ್ಲ. ಫಾರ್ವರ್ಡ್‌ಗಳು ಹಾಗಲ್ಲ. ಮುಂದಿನ ಸಲ ಎಕೋ ತುಂಬಿದ ಆಡಿಯೊ ಬಂದಾಗ, ಕಳಿಸುವ ಮುನ್ನ ಒಮ್ಮೆ ಕೇಳಿಕೊಳ್ಳಿ: ಇದರ ಡ್ರೈ ಎಲ್ಲಿದೆ? ಮನೆಯಲ್ಲಿ ಹಾಡುವ ಹಿರಿಯರಿದ್ದರೆ, ಈ ಭಾನುವಾರವೇ ಅವರ ದನಿಯನ್ನು ಹಾಗೆಯೇ, ಏನೂ ಹಾಕದೆ, ಹಿಡಿದಿಡಿ.